ಎಡಗೈಗೊಂದು ಹಿಡಿ

ಬಂದಳಿಕೆಯ ಹುಚ್ಚರಾಯಪ್ಪ ಮಗಳಿಗೆ ಪಿಸ್ತೂಲು ಕೊಳ್ಳಲು ದಾವಣಗೆರೆಗೆ ಹೊರಟಾಗ ಅಂಗಿಯ ಜೇಬಿನಲ್ಲಿ ಅವಳದೊಂದು ಗಾಜಿನ ಬಳೆ ಇಟ್ಟುಕೊಂಡಿದ್ದ. ಅಳತೆಗೆ. ಮನೆಯ ಹೆಂಗಸರಿಗೆ ಪೇಟೆಯಿಂದ ಬಳೆ ತರುವಾಗಲೆಲ್ಲ ಅವನು ಹಾಗೆಯೇ ಮಾಡುತ್ತಿದ್ದ. ಹಳೆಯದೊಂದನ್ನು ತೋರಿಸಿದರೆ ಬಳೆಗಾರನಿಗೆ ಕೈ ಗೊತ್ತಾಗಿಬಿಡುತ್ತದೆ. ಬಳೆಗಾರನಿಗೆ ಗೊತ್ತಾಗುವ ಕೈ ಪಿಸ್ತೂಲಿನವನಿಗೆ ಯಾಕೆ ಗೊತ್ತಾಗಬಾರದು ಎಂಬುದು ಅವನ ವಾದ. ನಗಬೇಡಿ. ಕಡೆಗೆ ನೋಡಿದರೆ ಬಳೆಯ ಅಳತೆ ಸರಿಯಾಗಿಯೇ ಇತ್ತು. ತಪ್ಪಿದ್ದು ಬೇರೆ ಕಡೆ.

ಪಿಸ್ತೂಲು ಎಂದ ಕೂಡಲೇ ಬಂದಳಿಕೆಯವರು ಹುಬ್ಬೇರಿಸಿದ ಹಾಗೆ ನೀವೂ ಏರಿಸಬೇಕಿಲ್ಲ. ಇದು ಪಂದ್ಯದ ಏರ್ ಪಿಸ್ತೂಲು. ಗಾಳಿಯ ಒತ್ತಡಕ್ಕೆ ಜೋಳದ ಕಾಳಿಗಿಂತ ಸಣ್ಣದೊಂದು ಸೀಸದ ಗುಂಡು ಹಾರಿ ಹತ್ತು ಮೀಟರ್ ದೂರದ ಕಾಗದದಲ್ಲಿ ತೂತು ಮಾಡುತ್ತದೆ, ಅಷ್ಟೆ. ಹುಚ್ಚರಾಯಪ್ಪನಿಗೂ ಮೊದಲು ಅದು ತಿಳಿದಿರಲಿಲ್ಲ. ಲೈಸೆನ್ಸ್ ಕೇಳಲು ಶಿಕಾರಿಪುರದ ಪೊಲೀಸ್ ಠಾಣೆಗೆ ಒಗೆದ ಪಂಚೆ ಉಟ್ಟು ಹೋಗಿದ್ದ. ಇಷ್ಟು ಕಡಿಮೆ ಶಕ್ತಿಯದಕ್ಕೆ ಲೈಸೆನ್ಸ್ ಬೇಡ, ರಸೀದಿಯನ್ನೂ ಗುರುತಿನ ಚೀಟಿಯನ್ನೂ ಜೋಪಾನ ಇಟ್ಟುಕೊಂಡರೆ ಸಾಕು ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ಅವನಿಗೆ ಸ್ವಲ್ಪ ಬೇಜಾರೇ ಆಗಿತ್ತು.

ಮಗಳು ನಾಗಶ್ರೀಗೆ ಇಪ್ಪತ್ತು ವರ್ಷ. ಶಿಕಾರಿಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದವಳು ಎನ್‌ಸಿಸಿ ಶಿಬಿರವೊಂದರಲ್ಲಿ ಪಿಸ್ತೂಲು ಹಿಡಿದು, ಆಮೇಲೆ ಬಿಡಲೇ ಇಲ್ಲ. ಸೈನ್ಯದಿಂದ ನಿವೃತ್ತನಾದ ಹವಾಲ್ದಾರ್ ಶಿವಶಂಕರ ಊರಿನ ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಗುರಿ ಅಭ್ಯಾಸ ನಡೆಸುತ್ತಿದ್ದ. ಅವನ ಬಳಿ ಇದ್ದದ್ದು ಒಂದೇ ಹಳೆಯ ಪಿಸ್ತೂಲು, ಕಲಿಯುವವರು ಐವರು. ಬೆರಳಿನಿಂದ ಎಳೆಯುವ ಅದರ ಕುದುರೆ ಒಂದು ದಿನ ಮೆತ್ತಗೆ, ಒಂದು ದಿನ ಬಿಗಿ. ತಿಂಗಳ ಕೊನೆಗೆ ಶಿವಮೊಗ್ಗದಲ್ಲಿ ಜೂನಿಯರ್ ಆಯ್ಕೆ ಪಂದ್ಯ. ಅರವತ್ತು ಗುಂಡಿಗೆ ಐನೂರ ಮೂವತ್ತು ಅಂಕ ಬಂದರೆ ರಾಜ್ಯ ಮಟ್ಟಕ್ಕೆ ಹೋಗಬಹುದು. ಈ ವರ್ಷ ತಪ್ಪಿದರೆ ನಾಗಶ್ರೀಗೆ ಜೂನಿಯರ್ ವಯಸ್ಸು ಮೀರುತ್ತದೆ. ತನ್ನದೇ ಪಿಸ್ತೂಲಿದ್ದರೆ ಹುಡುಗಿ ಹೋಗಿಯೇ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ಶಿವಶಂಕರ ಕಡ್ಡಿ ಮುರಿದಂತೆ ಹೇಳಿದ್ದ.

ಹುಚ್ಚರಾಯಪ್ಪ ಕುರಿ ಸಾಕುವವನು. ಮಗಳು ಹುಟ್ಟಿದಾಗಿನಿಂದ ಏನನ್ನೂ ಹಟ ಹಿಡಿದು ಕೇಳಿದವಳಲ್ಲ; ಈ ಸಲವೂ ಅವಳು ಕೇಳಲಿಲ್ಲ, ಶಿವಶಂಕರ ಕೇಳಿದ. ಅದೇ ಅವನ ಮನಸ್ಸಿಗೆ ನಾಟಿತು. ನಾಲ್ಕು ಟಗರು ಮಾರಿದ.

ಕೊಳ್ಳಲು ಮೂರು ದಾರಿಗಳಿದ್ದವು. ಪರದೇಶದ್ದು ಹೊಸದು ತೆಗೆದುಕೊಂಡರೆ ಉಳಿದ ಕುರಿಗಳನ್ನೂ ಮಾರಿ ದೊಡ್ಡಿಗೆ ಬೀಗ ಹಾಕಬೇಕು. ನಮ್ಮ ದೇಶದ್ದೇ ಹೊಸದೆಂದರೆ ಕೈಗೆಟುಕುವ ಬೆಲೆ, ಆದರೆ ಹೇಳಿ ತರಿಸುವಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ. ಮೂರನೆಯದು ಬಳಸಿದ್ದು. ದಾವಣಗೆರೆಯ ವಸಂತ ಎಂಬ ಬ್ಯಾಂಕಿನವರು ಪಂದ್ಯ ಆಡುವುದು ಬಿಟ್ಟು ತಮ್ಮ ಎರಡು ಪಿಸ್ತೂಲುಗಳನ್ನು ಮಾರುತ್ತಿದ್ದರು. ಅವರಿಗೆ ದೂರದೂರಿಗೆ ವರ್ಗವಾಗಿತ್ತು, ಹೊರಡಲು ಉಳಿದದ್ದು ಒಂದೇ ದಿನ. ಆ ದಿನ ನಾಗಶ್ರೀಗೆ ಪರೀಕ್ಷೆ, ಶಿವಶಂಕರನಿಗೆ ಶಿಬಿರ. ಹೀಗಾಗಿ ಹುಚ್ಚರಾಯಪ್ಪ ಬಳೆಯೊಂದಿಗೆ ಒಬ್ಬನೇ ಹೋದ. ಟಗರು ಕೊಂಡು ನುರಿತವನಿಗೆ ಪಿಸ್ತೂಲು ಯಾವ ಲೆಕ್ಕ ಎಂಬ ಹಮ್ಮೂ ಜೊತೆಗಿತ್ತು.

ಆ ಹಮ್ಮು ಪೂರ್ತಿ ಸುಳ್ಳಲ್ಲ. ವಸಂತ ಎರಡನ್ನೂ ಮೇಜಿನ ಮೇಲಿಟ್ಟಾಗ ಅವನು ಮೊದಲು ನಳಿಗೆಯ ಬಾಯಿ ನೋಡಿದ, ತುಕ್ಕಿಲ್ಲ. ಶಿವಶಂಕರ ಹೇಳಿಕೊಟ್ಟಂತೆ ಗಾಳಿಯ ಸಿಲಿಂಡರಿನ ಮೇಲಿನ ತಾರೀಕು ಓದಿಸಿಕೊಂಡ, ಗಾಳಿ ಸೋರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದ. ಆಮೇಲೆ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದ. ಖಾಲಿ ಪಿಸ್ತೂಲನ್ನು ಕೈಯಲ್ಲಿ ಹಿಡಿದು, ತೋಳು ನೀಟಾಗಿ ಚಾಚಿ ಗೋಡೆಯ ಕಡೆ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಹೀಗೆ ಒಂದೊಂದನ್ನೂ ಮೂವತ್ತು ಸಲ. ನೋಡಲು ಚೆಂದವಾಗಿ ಹೊಳೆಯುತ್ತಿದ್ದದ್ದರ ಮೂತಿ ಇಪ್ಪತ್ತರ ಹೊತ್ತಿಗೆ ಕೆಳಗೆ ಜಗ್ಗತೊಡಗಿತು. ಬಣ್ಣ ಮಾಸಿದ ಹಳೆಯದು ಮೂವತ್ತನೆಯ ಸಲವೂ ನೆಟ್ಟಗೆ ನಿಂತಿತು. ಬೆಳಿಗ್ಗೆ ಹಗುರ ಅನ್ನಿಸಿದ ಕೋಲು ಸಂಜೆಗೆ ತೋಳು ಕೀಳುತ್ತದೆ ಎಂಬುದು ಕುರಿ ಕಾಯುವವರಿಗೆ ಗೊತ್ತಿರುವ ಸಂಗತಿ. ಅವನು ಮಾಸಿದ್ದನ್ನೇ ಆರಿಸಿದ. ಬೆಲೆಯೂ ಅದರದೇ ಕಡಿಮೆ. ಕೊಳ್ಳಲು ಬಂದ ಎಷ್ಟೋ ಜನ ಹೊಳಪಿಗೆ ಮರುಳಾಗಿ ಅದರ ಬೆಲೆ ಕೇಳಿ ಹಿಂದಿರುಗಿದರು, ನೀವು ಸರಿಯಾದದ್ದನ್ನೇ ಹಿಡಿದಿರಿ ಎಂದರು ವಸಂತ. ಅವನ ಎದೆ ಒಂದು ಗೇಣು ಉಬ್ಬಿತು.

ಬಳೆಯನ್ನೂ ಅವರು ನಗದೆ ತೆಗೆದುಕೊಂಡು ಪಿಸ್ತೂಲಿನ ಹಿಡಿಗೆ ಒಡ್ಡಿ ನೋಡಿದರು. ಹಿಡಿ ಮರದ್ದು, ಬೆರಳಿಗೆ ಬೆರಳು, ಅಂಗೈಗೆ ಅಂಗೈ ಕೂರುವ ಹಾಗೆ ತಗ್ಗು ದಿಣ್ಣೆಯಾಗಿ ಕೆತ್ತಿದ್ದು. ಸಣ್ಣ ಕೈಗೆಂದೇ ಮಾಡಿದ್ದು, ನಿಮ್ಮ ಹುಡುಗಿಗೆ ಹೇಳಿ ಮಾಡಿಸಿದಂತಿದೆ ಎಂದು, ಕಡೆಗೊಂದು ಮಾತು ಕೇಳಿದರು.

"ಬಲಗೈ ತಾನೆ?"

"ನಮ್ಮನ್ಯಾಗೆ ಎಡಚರು ಯಾರೂ ಇಲ್ರೀ," ಎಂದ ಹುಚ್ಚರಾಯಪ್ಪ, ತುಸು ಬಿಗುಮಾನದಿಂದಲೇ.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ನಾಗಶ್ರೀ ಪಿಸ್ತೂಲನ್ನು ಬಲಗೈಯಲ್ಲಿ ಹಿಡಿದು, ಚೆನ್ನಾಗಿದೆ ಅಪ್ಪ ಎಂದಳು. ನಕ್ಕಳು ಕೂಡ. ಅವನ ಹೆಂಡತಿ ಹನುಮಮ್ಮ ಮಾತ್ರ ಒಲೆಯ ಕಡೆ ಮುಖ ತಿರುಗಿಸಿ ಸುಮ್ಮನೆ ಕೂತಿದ್ದಳು. ಗಂಡಸು ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ. ಟಗರು ಮಾರಿ ಪಿಸ್ತೂಲು ತಂದವನಿಗೆ ಹೆಂಡತಿಯ ಮುಖ ನೋಡಲು ಪುರುಸೊತ್ತೆಲ್ಲಿ!

ಮೂರು ದಿನ ಕಳೆದ ಮೇಲೆ ಶಿವಶಂಕರ ಅವನನ್ನು ಗಿರಣಿಗೆ ಕರೆಸಿದ. ನಾಗಶ್ರೀ ಬಲಗೈಯಿಂದ ಹೊಡೆದ ಹತ್ತು ಗುಂಡಿನ ಕಾಗದವನ್ನು ತೋರಿಸಿದ. ತೂತುಗಳು ಕೋಳಿ ಕೆದರಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಇನ್ನೊಂದು ಕಾಗದ ತೋರಿಸಿದ. ಅದರಲ್ಲಿ ಹತ್ತೂ ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋಗುವಷ್ಟು ಒತ್ತೊತ್ತಾಗಿದ್ದವು. ಅದು ಹಳೆಯ ಪಿಸ್ತೂಲಿನಲ್ಲಿ, ಎಡಗೈಯಿಂದ ಹೊಡೆದದ್ದು.

ಎನ್‌ಸಿಸಿ ಶಿಬಿರದ ಮೊದಲ ದಿನವೇ ಕಣ್ಣು ಪರೀಕ್ಷಿಸಿದಾಗ ಇವಳ ಗುರಿ ಎಡಗಣ್ಣಿನದು, ಕೈಯೂ ಎಡದ್ದೇ ಎಂದು ಗೊತ್ತಾಗಿತ್ತಂತೆ. ಹೆತ್ತಪ್ಪನಿಗೆ ಅದನ್ನು ಬೇರೆ ಹೇಳಬೇಕೆಂದು ಶಿವಶಂಕರನಿಗೆ ಹೊಳೆದಿರಲಿಲ್ಲ. ಗಿರಣಿಯ ಹಳೆಯ ಪಿಸ್ತೂಲಿಗೆ ಎರಡೂ ಕೈಗೆ ಆಗುವ ಚಪ್ಪಟೆ ಹಿಡಿ ಇದ್ದದ್ದರಿಂದ ಇಷ್ಟು ದಿನ ನಡೆದಿತ್ತು. ಈಗ ತಂದದ್ದರ ಹಿಡಿಯೊಳಗೆ ಎಡಗೈ ತೂರುವುದೇ ಇಲ್ಲ. ಬಲ ಕಾಲಿನ ಮೆಟ್ಟನ್ನು ಎಡಗಾಲಿಗೆ ತುರುಕಿದ ಹಾಗೆ.

"ಯಾವ ಕೈ ಅಂತ ಅವ್ರು ಕೇಳ್ಲಿಲ್ವೇನ್ರೀ?"

"ಕೇಳಿದ್ರು," ಎಂದ ಹುಚ್ಚರಾಯಪ್ಪ. "ನಾನೇ ಹೇಳ್ದೆ."

ವಸಂತ ಆಗಲೇ ಊರು ಬಿಟ್ಟಿದ್ದರು, ಅವರ ಬಳಿ ಎಡದ ಹಿಡಿ ಇರಲೂ ಇಲ್ಲ. ಪರದೇಶದಿಂದ ತರಿಸಲು ಮೂರು ತಿಂಗಳು. ಆಯ್ಕೆಗೆ ಉಳಿದದ್ದು ಇಪ್ಪತ್ತೆರಡು ದಿನ. ಹುಚ್ಚರಾಯಪ್ಪ ಆ ಹಿಡಿಯನ್ನು ಬೆರಳಲ್ಲಿ ತಟ್ಟಿ ನೋಡಿ, ಇದು ಮರ ತಾನೆ ಎಂದು ಕೇಳಿದ. ಮರವೇ, ಎರಡು ತಿರುಪು ಬಿಚ್ಚಿದರೆ ಕಳಚಿ ಬರುತ್ತದೆ, ಆದರೆ ಕೈ ನೋಡಿ ಇಂಥದನ್ನು ಕೆತ್ತಿಕೊಡುವವರು ಇಲ್ಲಿ ಯಾರಿದ್ದಾರೆ ಎಂದ ಶಿವಶಂಕರ.

ಮನೆಗೆ ಬಂದವನು ಮೊದಲು ಮಾಡಿದ್ದು ಎಲ್ಲ ಗಂಡಸರೂ ಮಾಡುವುದನ್ನೇ. ರೇಗಿದ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಕೂಗಾಡಿದ. ನಾಗಶ್ರೀ ತಲೆ ತಗ್ಗಿಸಿ ನಿಂತಿದ್ದಳು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಹನುಮಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಹೇಳಾಕೆ ನೀನು ಬಿಟ್ಟಿದ್ದೆಲ್ಲಿ? ಆ ಕೈ ನಿನ್ನ ಕಣ್ಣಿಗೆ ಬಿದ್ರೆ ಸಾಕು, ಬೈತಿದ್ದೆ. ಅದಕ್ಕೇ ಅದು ಕೈ ಮುಚ್ಚಿಟ್ಕಂಡು ಬೆಳೀತು."

ಹುಚ್ಚರಾಯಪ್ಪ ಚಪ್ಪಲಿ ಮೆಟ್ಟಿದ. ಕೋಲು ತೆಗೆದುಕೊಂಡು ಕುರಿಗಳನ್ನು ಹೊಡೆದುಕೊಂಡು ಹೋದ. ಬಂದಳಿಕೆಯ ಹಾಳು ಗುಡಿಗಳ ನಡುವೆ ಹುಲ್ಲು ಚೆನ್ನಾಗಿರುತ್ತದೆ. ಚಿಕ್ಕಂದಿನಿಂದ ಅವನ ಹಗಲೆಲ್ಲ ಕಳೆದದ್ದು ಅಲ್ಲಿಯ ವೀರಗಲ್ಲುಗಳ ನೆರಳಲ್ಲಿ. ಕತ್ತಿ ಹಿಡಿದವರು, ಈಟಿ ಹಿಡಿದವರು, ದನ ಬಿಡಿಸಿಕೊಳ್ಳಲು ಹೋಗಿ ಸತ್ತವರು. ಅವತ್ತು ಮೊದಲ ಬಾರಿಗೆ ಯಾವ ಕೈಯಲ್ಲಿ ಹಿಡಿದಿದ್ದಾರೆ ಎಂದು ಒಂದೊಂದೇ ಕಲ್ಲನ್ನು ನೋಡುತ್ತ ಹೋದ. ಒಬ್ಬನಾದರೂ ಎಡಚ ಸಿಕ್ಕಿದ್ದರೆ ಅವನ ಜೀವಕ್ಕೆ ಸಮಾಧಾನವಾಗುತ್ತಿತ್ತೇನೋ. ಒಂದರಲ್ಲಿ ಸಿಕ್ಕಿದ ಅಂದುಕೊಂಡು ಹತ್ತಿರ ಹೋದರೆ ವೀರನ ಬಲಗೈ ಮುರಿದು ಬಿದ್ದಿತ್ತು, ಅಷ್ಟೆ. ಆದರೆ ಆ ಕಲ್ಲಿನ ಬೆರಳುಗಳನ್ನು ನೋಡುತ್ತಿದ್ದಂತೆ, ಗೆಣ್ಣು ಗೆಣ್ಣೂ ಕಾಣುವ ಹಾಗೆ ಕೆತ್ತಿದವನ ಕಸುಬನ್ನು ನೋಡುತ್ತಿದ್ದಂತೆ, ಅವನಿಗೆ ಸೊರಬದ ಶೇಷಪ್ಪನ ನೆನಪಾಯಿತು.

ಶೇಷಪ್ಪ ಗುಡಿಗಾರರವನು. ಗಂಧದ ಮರದಲ್ಲಿ, ಶಿವನೆ ಮರದಲ್ಲಿ ದೇವರನ್ನು ಕೆತ್ತುವುದು ಅವರ ಮನೆತನದ ಕೆಲಸ. ಹುಚ್ಚರಾಯಪ್ಪನ ಊರಿನ ಬೀರಪ್ಪ ದೇವರ ಪಲ್ಲಕ್ಕಿಗೆ ಹೊಸ ಕಂಬ ಮಾಡಿಕೊಟ್ಟವನು ಅವನೇ. ಮಾರನೆಯ ಬೆಳಿಗ್ಗೆ ಅಪ್ಪ ಮಗಳು ಪೆಟ್ಟಿಗೆ ಹಿಡಿದು ಶಿರಾಳಕೊಪ್ಪದ ಮೇಲೆ ಹಾದು ಹೋಗುವ ಬಸ್ಸು ಹತ್ತಿದರು.

ಶೇಷಪ್ಪನಿಗೆ ಅರವತ್ತು ದಾಟಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಗಣಪತಿಯೊಂದರ ಸೊಂಡಿಲು ಬಿಡಿಸುತ್ತಿದ್ದ. ಪೆಟ್ಟಿಗೆಯೊಳಗಿನದನ್ನು ಕಂಡು ಕನ್ನಡಕ ಮೇಲೇರಿಸಿದ.

"ದೇವ್ರು ಮಾಡೋ ಕೈ ಮಾರಾಯ್ರೆ ಇದು. ಇದ್ರಲ್ಲಿ ಪಿಸ್ತೂಲು ಮಾಡು ಅಂತೀರಲ್ಲ."

ಇದು ಕಾಗದವನ್ನಷ್ಟೇ ಹೊಡೆಯುವ ಪಿಸ್ತೂಲೆಂದು ನಾಗಶ್ರೀ ವಿವರಿಸಿದಳು. ಯಾರನ್ನೂ ಕೊಲ್ಲುವುದಿಲ್ಲ ಎಂದು ಎರಡು ಸಲ ಹೇಳಿಸಿಕೊಂಡ ಮೇಲೆ ಅವನು ತಿರುಪು ಬಿಚ್ಚಿ, ಹಿಡಿಯನ್ನು ಕಳಚಿ, ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ, ಮೂಸಿ ನೋಡಿದ. ಯಾರು ಕೆತ್ತಿದರೋ, ಕೆಲಸ ಬಲ್ಲವನು ಎಂದು ಒಪ್ಪಿಕೊಂಡ. ಆಮೇಲೆ ಹುಡುಗಿಯ ಕಡೆ ಕೈ ಚಾಚಿದ. ಅವಳು ಅಭ್ಯಾಸಬಲದಿಂದ ಬಲಗೈ ಕೊಟ್ಟಳು.

"ಅದಲ್ಲ ತಂಗಿ. ಹೊಡಿಯೋ ಕೈ."

ಅವಳು ಅಪ್ಪನ ಮುಖ ನೋಡಿದಳು. ಇಪ್ಪತ್ತು ವರ್ಷದ ಹುಡುಗಿ, ಕೈ ತೋರಿಸಲು ಅಪ್ಪನ ಅಪ್ಪಣೆಗೆ ಕಾಯುತ್ತಿದ್ದಾಳೆ. ಹುಚ್ಚರಾಯಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೋರಿಸು ಎಂದು ತಲೆಯಾಡಿಸಿದ.

ಶೇಷಪ್ಪ ಜೇಡಿಮಣ್ಣಿನ ಉಂಡೆಯೊಂದನ್ನು ಹದ ಮಾಡಿ ಅವಳ ಎಡಗೈಗೆ ಕೊಟ್ಟು, ಪಿಸ್ತೂಲು ಹಿಡಿದಂತೆ ಹಿಡಿದು ತೋಳು ಚಾಚಿ ನಿಲ್ಲಲು ಹೇಳಿದ. ಒಂದು ಅಚ್ಚು ತೆಗೆದಿಟ್ಟ. ಇನ್ನೊಂದು ಉಂಡೆ ಕೊಟ್ಟು ಎತ್ತು, ಇಳಿಸು, ಎತ್ತು, ಇಳಿಸು ಎಂದು ತೋಳು ನಡುಗುವ ತನಕ ಬಿಡಲಿಲ್ಲ. ಹೊಸದರಲ್ಲಿ ಎಲ್ಲರೂ ಚೆನ್ನಾಗಿಯೇ ಹಿಡಿಯುತ್ತಾರೆ, ಸುಸ್ತಾದ ಮೇಲೆ ಹಿಡಿಯುವುದೇ ನಿಜವಾದ ಹಿಡಿತ ಎಂಬುದು ಅವನ ಮಾತು. ದಾವಣಗೆರೆಯಲ್ಲಿ ಮೂವತ್ತು ಸಲ ಎತ್ತಿ ಇಳಿಸಿದವನಿಗೆ ಈ ಮಾತು ಬಹಳ ಹಿಡಿಸಿತು. ತನ್ನಂತೆಯೇ ಯೋಚಿಸುವವನೊಬ್ಬ ಸಿಕ್ಕನಲ್ಲ ಎಂದು ಹಿಂದಿನ ದಿನದಿಂದ ಮೊದಲ ಬಾರಿಗೆ ಅವನು ಹಗುರಾದ.

ಆ ಹಗುರ ಹೆಚ್ಚು ಹೊತ್ತು ಉಳಿಯಲಿಲ್ಲ. ಶೇಷಪ್ಪ ಎರಡನೆಯ ಅಚ್ಚನ್ನು ಕಣ್ಣಿನ ಹತ್ತಿರ ಹಿಡಿದು, ಹೆಬ್ಬೆರಳ ಬುಡ ಒತ್ತಿದ್ದ ಜಾಗವನ್ನು ಉಗುರಿನಿಂದ ತೋರಿಸಿದ. ಅಲ್ಲೊಂದು ಸಣ್ಣ ಗೆರೆ ಆಳವಾಗಿ ಮೂಡಿತ್ತು.

"ಇಲ್ಲಿ ಕೈಲೊಂದು ಗಂಟಿದೆಯಲ್ಲ. ಒತ್ತಿದ್ರೆ ನೋಯ್ತದಾ?"

ಸ್ವಲ್ಪ ಎಂದಳು ನಾಗಶ್ರೀ. ಚಿಕ್ಕವಳಿದ್ದಾಗ ಬಿದ್ದ ಗಾಯ ಎಂದಳು.

ಹುಚ್ಚರಾಯಪ್ಪ ನೆಲ ನೋಡುತ್ತ ಕೂತಿದ್ದ. ಅವಳು ಸುಳ್ಳು ಹೇಳಿದ್ದು ತನ್ನ ಮಾನ ಉಳಿಸಲು ಎಂಬುದು ಅವನಿಗೆ ತಿಳಿಯಿತು. ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಸುಮ್ಮನಿರಲಾಗಲಿಲ್ಲ.

"ಬಿದ್ದಿದ್ದಲ್ಲ ಶೇಷಪ್ನೋರೆ. ನಾನು ಹೊಡ್ದಿದ್ದು."

ಅವಳಿಗೆ ಆಗ ಆರು ವರ್ಷ. ಬೀರಪ್ಪನ ಪೂಜೆಯಲ್ಲಿ ಪೂಜಾರಿ ಭಂಡಾರದ ಅರಿಸಿನ ಹಂಚುತ್ತ ಬಂದಾಗ ಇಡೀ ಕುಲದ ಮುಂದೆ ಮಗು ಎಡಗೈ ಚಾಚಿತ್ತು. ಯಾರೋ ಮುಸಿಮುಸಿ ನಕ್ಕರು. ಅವನ ಕೈಯಲ್ಲಿ ಉಣ್ಣೆ ನೂಲುವ ಕದಿರಿತ್ತು. ಹಿಂದೆ ಮುಂದೆ ನೋಡದೆ ಬೀಸಿದ. ಕದಿರಿನ ತುದಿ ಹೆಬ್ಬೆರಳ ಬುಡಕ್ಕೆ ತಾಗಿ ರಕ್ತ ಬಂತು. ಅದೇ ಅರಿಸಿನವನ್ನು ಗಾಯಕ್ಕೆ ಮೆತ್ತಿದರು. ಆಮೇಲೆ ಮಗು ಎಂದೂ ಯಾರಿಗೂ ಎಡಗೈಯಲ್ಲಿ ಏನನ್ನೂ ಕೊಡಲಿಲ್ಲ, ತೆಗೆದುಕೊಳ್ಳಲಿಲ್ಲ. ಮಗಳನ್ನು ತಿದ್ದಿದೆ ಎಂದು ಅವನು ಹದಿನಾಲ್ಕು ವರ್ಷ ನೆಮ್ಮದಿಯಾಗಿದ್ದ. ನಮ್ಮ ಮನೆಯಲ್ಲಿ ಎಡಚರು ಯಾರೂ ಇಲ್ಲ ಎಂದು ದಾವಣಗೆರೆಯಲ್ಲಿ ಹೇಳಿದಾಗ ಅವನು ಸುಳ್ಳು ಹೇಳಿರಲಿಲ್ಲ. ಹಾಗೆಂದೇ ನಂಬಿದ್ದ.

ಇಷ್ಟನ್ನೂ ಅವನು ತಡೆತಡೆದು ಹೇಳಿದ. ಶೇಷಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಶಿವನೆ ಮರದ ತುಂಡಿನ ಮೇಲೆ ಒಂದು ಸಣ್ಣ ವೃತ್ತ ಬರೆದ.

"ಹಂಗಾದ್ರೆ ಇಲ್ಲಿ ಒಂಚೂರು ಮರ ತೆಗೀಬೇಕು," ಎಂದ.

ಎಂಟು ದಿನ ಬಿಟ್ಟು ಬನ್ನಿ ಎಂದವನು ಉಳಿ ಕೈಗೆತ್ತಿಕೊಂಡ. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅಪ್ಪ ಮಗಳು ಅಲ್ಲೇ ಕೂತು ನೋಡಿದರು. ಶೇಷಪ್ಪ ಬಲಗೈಯಲ್ಲಿ ಉಳಿ ಹಿಡಿದು ಒಂದು ಪಕ್ಕ ಕೆತ್ತಿದ. ಮರದ ಎಳೆ ತಿರುಗಿದ ಕಡೆ ಉಳಿಯನ್ನು ಎಡಗೈಗೆ ದಾಟಿಸಿ ಅಷ್ಟೇ ಸಲೀಸಾಗಿ ಇನ್ನೊಂದು ಪಕ್ಕ ಕೆತ್ತಿದ. ನಾಗಶ್ರೀ ಅದನ್ನೇ ನೋಡುತ್ತಿದ್ದಳು. ನೀವು ಎಡಚರಾ ಎಂದು ಕೇಳಿಯೇಬಿಟ್ಟಳು.

"ಮರ ಯಾವ ಕೈ ಕೇಳ್ತದೋ ಆ ಕೈ," ಎಂದ ಶೇಷಪ್ಪ. "ನಮ್ಮಪ್ಪ ನಂಗೆ ಹೊಡೀತಿದ್ದದ್ದು ಒಂದೇ ಕೈಲಿ ಕೆತ್ತಿದ್ರೆ."

ಮೂವರೂ ನಕ್ಕರು. ಹುಚ್ಚರಾಯಪ್ಪನ ನಗು ಅರ್ಧಕ್ಕೆ ನಿಂತು, ಆಮೇಲೆ ಪೂರ್ತಿಯಾಯಿತು.

ಹೇಳಿದ ದಿನಕ್ಕೆ ಹಿಡಿ ಸಿದ್ಧವಾಗಿತ್ತು. ಮುದುಕನ ಆಸೆ ನೋಡಿ, ಬದಿಯಲ್ಲೊಂದು ಹಂಸ ಬಿಡಿಸುತ್ತೇನೆ ಎಂದು ಫೋನಿನಲ್ಲಿ ಎರಡು ಸಲ ಕೇಳಿದ್ದ. ಪಂದ್ಯದವರು ಏನೆನ್ನುತ್ತಾರೋ ಬೇಡ ಎಂದು ಶಿವಶಂಕರ ತಡೆದಿದ್ದ. ಹಂಸ ತಪ್ಪಿದ ಸಿಟ್ಟನ್ನೆಲ್ಲ ಶೇಷಪ್ಪ ಹೊಳಪಿನ ಮೇಲೆ ತೀರಿಸಿಕೊಂಡಿದ್ದ. ಮರಳು ಕಾಗದದಂಥ ಒರಟು ಎಲೆಯಿಂದ ತಿಕ್ಕಿ ತಿಕ್ಕಿ ಹಿಡಿಯನ್ನು ದೇವರ ಕೆನ್ನೆಯಷ್ಟು ನುಣುಪು ಮಾಡಿದ್ದ. ನಾಗಶ್ರೀಯ ಎಡಗೈ ಅದರೊಳಗೆ ಮನೆಗೆ ಬಂದಂತೆ ಕೂತಿತು. ಆದರೆ ಗಿರಣಿಯಲ್ಲಿ ಇಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ಅಂಗೈ ಬೆವರಿ ಜಾರತೊಡಗಿತು. ಮತ್ತೆ ಸೊರಬ. ದೇವರಿಗೆ ಬೆವರು ಬರುವುದಿಲ್ಲವಲ್ಲ, ಅದು ನನ್ನ ತಲೆಗೆ ಹೊಳೆಯಲಿಲ್ಲ ಎಂದು ಮುದುಕ ಹಣೆ ಚಚ್ಚಿಕೊಂಡ. ವಿಗ್ರಹದ ಹಿಂದಿನ ಪ್ರಭಾವಳಿಗೆ ಚುಕ್ಕಿ ಹೊಡೆಯುವ ಸಣ್ಣ ಮೊಳೆ ತೆಗೆದು ಹಿಡಿಯ ಮೈತುಂಬ ಸಾಸಿವೆಯಂಥ ಚುಕ್ಕಿ ಹೊಡೆದ. ಹೆಬ್ಬೆರಳ ಬುಡದ ಆ ಸಣ್ಣ ಗುಳಿಯನ್ನು ಮಾತ್ರ ನುಣ್ಣಗೇ ಬಿಟ್ಟ.

ಕೂಲಿಯೆಂದು ಸಣ್ಣ ಗಣಪತಿಗೆ ತೆಗೆದುಕೊಳ್ಳುವಷ್ಟನ್ನೇ ಕೇಳಿದ. ಹುಚ್ಚರಾಯಪ್ಪ ಅದನ್ನು ಕೊಟ್ಟು, ಚೀಲದಿಂದ ಕರಿಯ ಕಂಬಳಿಯೊಂದನ್ನು ತೆಗೆದು ಜಗಲಿಯ ಮೇಲೆ ಹಾಸಿದ. ತನ್ನ ಕುರಿಗಳ ಉಣ್ಣೆ, ತಾನೇ ನೂತದ್ದು. ಇದು ಕೂಲಿಯಲ್ಲ ಎಂದಷ್ಟೇ ಹೇಳಲು ಬಂತು. ಇನ್ನೂ ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗಲೇ ಮಾತು ಜೋಡಿಸಿಕೊಂಡಿದ್ದ. ಎರಡೂ ಕೈ ಜೋಡಿಸಿದ. ಶೇಷಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಸೊರಬದ ಚಳಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಅವನಿಗೆ ಸುಲಭ ಮಾಡಿಕೊಟ್ಟ.

ಶಿವಮೊಗ್ಗದ ಆಯ್ಕೆಯ ದಿನ ಪಿಸ್ತೂಲುಗಳನ್ನು ಪರೀಕ್ಷಿಸುವ ಅಧಿಕಾರಿ ನಾಗಶ್ರೀಯದನ್ನು ಅಳತೆಯ ಪೆಟ್ಟಿಗೆಯಲ್ಲಿಟ್ಟು ನೋಡಿದ. ಎಲ್ಲ ಸರಿಯಿತ್ತು. ಆದರೂ ಹಿಡಿಯನ್ನು ಸವರುತ್ತ, ಇದು ಯಾವ ಕಂಪನಿಯದು ಎಂದು ಕೇಳಿದ. ಸೊರಬದ್ದು ಸಾರ್ ಎಂದಳು ಅವಳು. ಅಂಥದೊಂದು ಕಂಪನಿ ಇದೆಯೇ ಎಂದು ಅವನು ಪಟ್ಟಿಯಲ್ಲಿ ಹುಡುಕಿದ.

ನೋಡುವವರ ಕುರ್ಚಿಗಳು ಹಿಂದಿದ್ದವು. ಹುಚ್ಚರಾಯಪ್ಪನಿಗೆ ಕಾಗದ ಕಾಣುತ್ತಿರಲಿಲ್ಲ, ಅಂಕವೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಗಳ ಬೆನ್ನು, ಜೇಬಿನೊಳಗಿಟ್ಟ ಬಲಗೈ ಮತ್ತು ಮೆಲ್ಲಗೆ ಮೇಲೇಳುವ ಎಡದ ತೋಳು. ಸಾಲಿನಲ್ಲಿದ್ದ ಉಳಿದ ಹುಡುಗಿಯರೆಲ್ಲ ಬಲಗೈಯವರು. ಇವಳೊಬ್ಬಳು ಅವರ ವಿರುದ್ಧ ಪಕ್ಕಕ್ಕೆ ತಿರುಗಿ ನಿಂತಿದ್ದಳು. ತೋಳು ಏರುವುದು, ನಿಲ್ಲುವುದು, ಪಟ್ ಎನ್ನುವುದು, ಇಳಿಯುವುದು. ಕೆಲವೊಮ್ಮೆ ಏರಿ, ನಿಂತು, ಹೊಡೆಯದೆಯೇ ಇಳಿಯುತ್ತಿತ್ತು. ಮನಸ್ಸಿಗೆ ಒಪ್ಪದಿದ್ದರೆ ಹಾಗೆ ಇಳಿಸಬೇಕೆಂದು ಶಿವಶಂಕರ ಕಲಿಸಿದ್ದನಂತೆ. ತನಗೂ ಯಾರಾದರೂ ಆ ಬುದ್ಧಿಯನ್ನು ಮೊದಲೇ ಕಲಿಸಿದ್ದರೆ, ಅವತ್ತು ಬೀರಪ್ಪನ ಮುಂದೆ ಏರಿದ ಕೈಯನ್ನು ಹಾಗೇ ಇಳಿಸುತ್ತಿದ್ದೆನಲ್ಲ ಎಂದುಕೊಂಡ. ನಲವತ್ತನೆಯ ಗುಂಡಿನ ಮೇಲೆ ಸಾಲಿನಲ್ಲಿ ಎಷ್ಟೋ ತೋಳುಗಳು ಜಗ್ಗತೊಡಗಿದವು. ಮಾಸಿದ ಪಿಸ್ತೂಲು ಮಾತ್ರ ದಾವಣಗೆರೆಯಲ್ಲಿ ಕೊಟ್ಟ ಮಾತು ಉಳಿಸಿಕೊಂಡಿತು.

ಮುಗಿದು ಮುಕ್ಕಾಲು ಗಂಟೆಯ ಮೇಲೆ ನಾಗಶ್ರೀ ಹೊರಗೆ ಬಂದಳು. ಬಲಗೈಯಲ್ಲಿ ಪಿಸ್ತೂಲಿನ ಭಾರದ ಪೆಟ್ಟಿಗೆ, ಎಡಗೈಯಲ್ಲಿ ಅಂಕದ ಚೀಟಿ. ಅಪ್ಪನ ಎದುರಿಗೆ ಬಂದವಳು ನಿಂತು, ಪೆಟ್ಟಿಗೆಯನ್ನು ನೆಲಕ್ಕಿಡಲು ಬಗ್ಗಿದಳು. ಚೀಟಿಯನ್ನು ಬಲಗೈಗೆ ದಾಟಿಸಿಕೊಳ್ಳಬೇಕಿತ್ತಲ್ಲ.

"ಇಳಿಸ್ಬ್ಯಾಡ," ಎಂದ ಹುಚ್ಚರಾಯಪ್ಪ. "ಆ ಕೈಲೇ ಕೊಡವ್ವ."

ಬಗ್ಗಿದವಳು ನೆಟ್ಟಗಾದಳು. ಆಮೇಲೆ ಎಡಗೈ ಚಾಚಿದಳು. ಭಂಡಾರ ತೆಗೆದುಕೊಳ್ಳುವಾಗ ಹಿಡಿಯುವ ಹಾಗೆ ಅವನು ಎರಡೂ ಕೈ ಬೊಗಸೆ ಮಾಡಿ ಆ ಚೀಟಿಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಎಷ್ಟು ಬಂದಿದೆ ಎಂದು ಓದಿದ್ದು ಅದಾದ ಮೇಲೆ. ಐನೂರ ಮೂವತ್ತೇಳು.

ಅವನು ಕಿವಿಯ ಬಳಿ ಕೈ ತಂದು, ಶೇಷಪ್ಪನಿಗೆ ಫೋನ್ ಮಾಡು ಎಂದು ಸನ್ನೆ ಮಾಡಿದ. ನಾಗಶ್ರೀ ಫೋನಿನ ದನಿಯನ್ನು ಅಪ್ಪನಿಗೂ ಕೇಳುವಂತೆ ಜೋರು ಮಾಡಿದಳು. ಆ ಕಡೆಯಿಂದ ಮುದುಕ ಅಂಕ ಎಷ್ಟು ಎಂದು ಕೇಳಲಿಲ್ಲ, ಗೆದ್ದೆಯಾ ಎಂದೂ ಕೇಳಲಿಲ್ಲ.

"ಆ ಜಾಗ ನೋಯ್ತಾ ತಂಗಿ?"

ನಾಗಶ್ರೀ ಅಪ್ಪನ ಮುಖ ನೋಡಿದಳು. ಅವನು ಚೀಟಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

"ಇಲ್ಲಜ್ಜ," ಎಂದಳು. "ಒಂದು ಸಲಾನೂ ನೋಯ್ಲಿಲ್ಲ."